ಮಿದುಳು ಜ್ವರದ ಹೆಸರು ಹುಡುಕಿದ ಕಥೆ



ಜ್ವರ ನೆತ್ತಿಗೇರಿ ರೋಗಿ ಬಡಬಡಿಸತೊಡಗಿದರೆ ನಮ್ಮ ಕಡೆ ‘ಮಿದುಳು ಜ್ವರ’ ಅಂದುಬಿಡುತ್ತೇವೆ. ಮಿದುಳಿನ ಹೊದಿಕೆ ಊದಿಕೊಂಡರೆ ಅದು ಮೆನಿಂಜೈಟಿಸ್, ಮಿದುಳೇ ಊದಿಕೊಂಡರೆ ಎನ್ಸೆಫಲೈಟಿಸ್. ನಮಗೆ ಎರಡೂ ಒಂದೇ. ಕನ್ನಡದಲ್ಲಿ ಬಿ.ಎ. ಮಾಡಿದ ನನಗೆ ಈ ಮಾತು ಇಷ್ಟವೇ. ಆದರೆ ಇದು ಲಕ್ಷಣಕ್ಕೆ ಇಟ್ಟ ಹೆಸರು. ಒಳಗೆ ಹೊಕ್ಕಿರುವುದು ಬ್ಯಾಕ್ಟೀರಿಯಾವೋ, ಕ್ಷಯದ ರೋಗಾಣುವೋ, ಸೊಳ್ಳೆ ತಂದ ವೈರಸ್ಸೋ, ಅದನ್ನು ಈ ಹೆಸರು ಹೇಳುವುದಿಲ್ಲ. ಒಳಗಿರುವುದರ ಹೆಸರು ತಡವಾಗಿ ತಿಳಿದರೆ ಏನಾಗುತ್ತದೆ, ಬೇಗ ತಿಳಿದರೆ ಏನಾಗುತ್ತದೆ? ನಿಫಾ ವೈರಸ್ಸಿನ ಇತಿಹಾಸದಲ್ಲಿ ಎರಡಕ್ಕೂ ಉತ್ತರವಿದೆ.

ಕಥೆ ಶುರುವಾಗುವುದು ಮಲೇಷಿಯಾದಲ್ಲಿ. 1998ರ ಕೊನೆಯಲ್ಲಿ ಅಲ್ಲಿನ ಹಂದಿ ಸಾಕಣೆಯ ಊರುಗಳಲ್ಲಿ ಜನ ಜ್ವರದಿಂದ ಪ್ರಜ್ಞೆ ತಪ್ಪಿ ಸಾಯತೊಡಗಿದರು. ಇದು ಜಪಾನೀಸ್ ಎನ್ಸೆಫಲೈಟಿಸ್ ಎಂದುಕೊಂಡು ಸೊಳ್ಳೆಗೆ ಹೊಗೆ ಹಾಕಿದ್ದಾಯಿತು, ಲಸಿಕೆ ಹಾಕಿದ್ದಾಯಿತು. ಸಾವು ನಿಲ್ಲಲಿಲ್ಲ. ಆ ಕಾಯಿಲೆ ಹೆಚ್ಚಾಗಿ ಕಾಡುವುದು ಮಕ್ಕಳನ್ನು. ಇಲ್ಲಿ ಸಾಯುತ್ತಿದ್ದವರು ಹಂದಿಗಳ ಜೊತೆ ದುಡಿಯುತ್ತಿದ್ದ ದೊಡ್ಡವರು. 1999ರ ಮಾರ್ಚ್‌ನಲ್ಲಿ ಮಲಯಾ ವಿಶ್ವವಿದ್ಯಾಲಯದ ಚುವಾ ಕಾ ಬಿಂಗ್ ಎಂಬ ವೈದ್ಯರು ರೋಗಿಯ ಬೆನ್ನಿನಿಂದ ತೆಗೆದ ನೀರಿನಲ್ಲಿ ಹೊಸದೊಂದು ವೈರಸ್ ಪತ್ತೆಮಾಡಿದರು. ರೋಗಿಯ ಊರು ಸುಂಗೈ ನಿಫಾ. ವೈರಸ್ಸಿಗೂ ಅದೇ ಹೆಸರಾಯಿತು. ಅಷ್ಟರಲ್ಲಿ ತಪ್ಪು ಹೆಸರಿನ ಬೆನ್ನು ಹತ್ತಿ ತಿಂಗಳುಗಳೇ ಕಳೆದಿದ್ದವು. ಆ ಪಿಡುಗಿನಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು.

ಎರಡೇ ವರ್ಷ ಕಳೆಯಿತು. 2001ರ ಜನವರಿ, ಪಶ್ಚಿಮ ಬಂಗಾಳದ ಸಿಲಿಗುರಿ. ಅದೇ ಬಗೆಯ ಜ್ವರ, ಅದೇ ಬಗೆಯ ಸಾವು. 66 ಮಂದಿಗೆ ಕಾಯಿಲೆ ಬಂತು, 45 ಮಂದಿ ಸತ್ತರು. ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರು ಆಸ್ಪತ್ರೆಯ ಸಿಬ್ಬಂದಿ, ಇಲ್ಲವೇ ರೋಗಿಯನ್ನು ನೋಡಲು ಹೋದವರು. ಯಾವ ರೋಗವೆಂದು ಗೊತ್ತಿಲ್ಲದ ಆಸ್ಪತ್ರೆಯಲ್ಲಿ ಯಾರಿಂದ ದೂರ ನಿಲ್ಲಬೇಕೆಂದು ಯಾರಿಗೆ ತಿಳಿದೀತು? ಆಗ ಮಾಡಿದ ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ಮುಂದೆ ಪಕ್ಕದ ಬಾಂಗ್ಲಾದೇಶದಲ್ಲಿ ನಿಫಾ ಇರುವುದು ತಿಳಿದ ಮೇಲೆ, ತೆಗೆದಿಟ್ಟಿದ್ದ ಮಾದರಿಗಳನ್ನು ಮತ್ತೆ ಪರೀಕ್ಷಿಸಿದರು. ಐವರ ಮೂತ್ರದಲ್ಲಿ ನಿಫಾ ಕುರುಹು ಸಿಕ್ಕಿತು. ಅದು ಪ್ರಕಟವಾದದ್ದು 2006ರಲ್ಲಿ. ಸತ್ತವರ ಮನೆಯವರಿಗೆ ಕಾರಣ ತಿಳಿಯಲು ಐದು ವರ್ಷ!

ಆ ಕುರುಹು ಹುಡುಕಿಕೊಟ್ಟದ್ದು ಪಿ.ಸಿ.ಆರ್. ಪರೀಕ್ಷೆ. 1983ರಲ್ಲಿ ಅಮೆರಿಕದ ಕ್ಯಾರಿ ಮಲ್ಲಿಸ್‌ಗೆ ಹೊಳೆದ ಉಪಾಯ ಇದು; ಹತ್ತು ವರ್ಷದ ಮೇಲೆ ನೊಬೆಲ್ ತಂದುಕೊಟ್ಟಿತು. ವೈರಸ್ಸಿನ ವಂಶವಾಹಿಯ ಒಂದು ತುಣುಕನ್ನು ಎರಡು, ನಾಲ್ಕು, ಎಂಟು ಎಂದು ನಕಲು ಮಾಡುತ್ತಾ ಹೋಗುವುದು. ಮೂವತ್ತು ಸುತ್ತು ಮುಗಿಯುವ ಹೊತ್ತಿಗೆ ಒಂದಿದ್ದದ್ದು ನೂರು ಕೋಟಿ ದಾಟಿರುತ್ತದೆ. ಆದರೆ ಯಾವ ತುಣುಕನ್ನು ಹುಡುಕಬೇಕೆಂದು ಮೊದಲೇ ಹೇಳಿಕೊಡಬೇಕು. ನಿಫಾ ಇದೆಯೇ ಎಂದು ಕೇಳಿದರೆ ಮಾತ್ರ ಇದೆ, ಇಲ್ಲ ಎನ್ನುತ್ತದೆ. 2001ರಲ್ಲಿ ಪಿ.ಸಿ.ಆರ್. ಇತ್ತು, ನಿಫಾ ಎಂಬ ಹೆಸರೂ ಇತ್ತು. ಎರಡೂ ಸಮಯಕ್ಕೆ ಸರಿಯಾಗಿ ಒಂದೆಡೆ ಕೂಡಿಬರಲಿಲ್ಲ.

ಕೂಡಿಬಂದದ್ದು 2018ರ ಮೇ ತಿಂಗಳಲ್ಲಿ, ಕೋಳಿಕ್ಕೋಡಿನಲ್ಲಿ, ನಮ್ಮ ಹಿರಿಯರ ಬಾಯಲ್ಲಿ ಅದು ಕಲ್ಲಿಕೋಟೆ. ಪೇರಾಂಬ್ರದ ಹತ್ತಿರದ ಯುವಕನೊಬ್ಬ ಮೇ 5ರಂದು ತೀರಿಕೊಂಡ. ಹನ್ನೆರಡು ದಿನಕ್ಕೆ ಅವನ ಅಣ್ಣನೂ ಅದೇ ಲಕ್ಷಣಗಳೊಂದಿಗೆ ಆಸ್ಪತ್ರೆ ಸೇರಿದ. ಒಂದೇ ಮನೆಯಲ್ಲಿ ಇಬ್ಬರಿಗೆ ಹೀಗಾದದ್ದು ವೈದ್ಯರಿಗೆ ಅನುಮಾನ ತಂದಿತು. ಮಾದರಿಗಳು ಹೋದದ್ದು ಎಲ್ಲಿಗೆ ಗೊತ್ತೇ? ಸುಮಾರು 300 ಕಿಲೋಮೀಟರ್ ದೂರದ ನಮ್ಮ ಮಣಿಪಾಲಕ್ಕೆ, ಡಾ. ಜಿ. ಅರುಣ್‌ಕುಮಾರ್ ಆಗ ಮುಖ್ಯಸ್ಥರಾಗಿದ್ದ ವೈರಸ್ ಸಂಶೋಧನಾ ಕೇಂದ್ರಕ್ಕೆ. ಅಲ್ಲಿ ನಿಫಾ ಪ್ರಶ್ನೆಯನ್ನೂ ಕೇಳಿದರು, ಉತ್ತರ ‘ಇದೆ’ ಎಂದು ಬಂತು. ಮೇ 20ರ ಹೊತ್ತಿಗೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯೂ ಅದನ್ನೇ ದೃಢಪಡಿಸಿತ್ತು. ಪುಣೆಯ ಕೇಳುಗರೇ, ಅದು ನಿಮ್ಮೂರಿನ ಸಂಸ್ಥೆ.

ಇದನ್ನು ಗೆಲುವಿನ ಕಥೆ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. 23 ಮಂದಿಯಲ್ಲಿ 21 ಮಂದಿ ಸತ್ತರು. ಮೊದಲ ರೋಗಿಯ ಆರೈಕೆ ಮಾಡಿದ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ ಮೇ 21ರಂದು ತೀರಿಕೊಂಡರು. ಹೆಸರು ತಿಳಿಯುವ ಮೊದಲೇ ಸೋಂಕು ಅವರಿಗೆ ತಗುಲಿಯಾಗಿತ್ತು. ನಿಫಾಕ್ಕೆ ಖಚಿತ ಔಷಧಿಯೂ ಇಲ್ಲ. ಹಾಗಾದರೆ ಹೆಸರಿನಿಂದ ಆದ ಉಪಕಾರವೇನು? ರೋಗಿಗಳನ್ನು ಬೇರೆ ಇಟ್ಟರು, ಅವರ ಹತ್ತಿರ ಸುಳಿದಿದ್ದ 2,000ಕ್ಕೂ ಹೆಚ್ಚು ಜನರನ್ನು ಹುಡುಕಿ ಕಣ್ಣಿಟ್ಟರು. ಜೂನ್ ತಿಂಗಳಲ್ಲಿ ಹರಡುವಿಕೆ ನಿಂತಿತು. 2023ರಲ್ಲಿ ನಿಫಾ ಅದೇ ಜಿಲ್ಲೆಗೆ ಮತ್ತೆ ಬಂದಾಗ ಪರೀಕ್ಷೆಯ ಸಂಚಾರಿ ಪ್ರಯೋಗಾಲಯವೇ ಅಲ್ಲಿಗೆ ಹೋಯಿತು. ಆ ಸಲ ಆರು ಮಂದಿಗೆ ಸೋಂಕು, ಇಬ್ಬರ ಸಾವು.

ಈಗ ದೊಡ್ಡ ಆಸ್ಪತ್ರೆಗಳಲ್ಲಿ ಬೆನ್ನಿನ ನೀರಿನ ನಾಲ್ಕು ಹನಿ ಹಾಕಿದರೆ ಸುಮಾರು ಒಂದು ಗಂಟೆಯಲ್ಲಿ 14 ರೋಗಾಣುಗಳನ್ನು ಒಟ್ಟಿಗೆ ಹುಡುಕುವ ಯಂತ್ರವೂ ಇದೆ. ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಪಡೆದದ್ದು. ಆದರೆ ಆ 14ರ ಪಟ್ಟಿಯಲ್ಲಿ ನಿಫಾ ಇಲ್ಲ, ಜಪಾನೀಸ್ ಎನ್ಸೆಫಲೈಟಿಸ್ ಇಲ್ಲ, ಕ್ಷಯವೂ ಇಲ್ಲ. ನಮ್ಮ ಮಲೆನಾಡಿನ ಮಂಗನ ಕಾಯಿಲೆಯಂತೂ ಇಲ್ಲವೇ ಇಲ್ಲ. ಮುಂಬಯಿಯಲ್ಲೋ ದೆಹಲಿಯಲ್ಲೋ ವೈದ್ಯರ ಮುಂದೆ ಕೂತಾಗ, ರಜೆಗೆ ಸಾಗರ, ತೀರ್ಥಹಳ್ಳಿ ಕಡೆ ಹೋಗಿ ತೋಟ ಕಾಡು ಸುತ್ತಿ ಬಂದದ್ದನ್ನು ಅವರು ಕೇಳದಿದ್ದರೂ ನೀವಾಗಿಯೇ ಹೇಳಿಬಿಡಿ.