ಲೇನ್ ಕೀಪಿಂಗ್ ಅಸಿಸ್ಟ್: ಸೂಚಕಗಳ ಇತಿಹಾಸ

ರಸ್ತೆಯ ಮೇಲೆ ಬಳಿದ ಗೆರೆಗಳನ್ನು ಕ್ಯಾಮೆರಾದಿಂದ ಗುರುತಿಸಿ, ಕಾರು ತನ್ನ ಲೇನಿನಿಂದ ಆಚೆ ಸರಿಯತೊಡಗಿದಾಗ ಚಾಲಕರನ್ನು ಎಚ್ಚರಿಸುವ, ಬೇಕಾದರೆ ಸ್ಟೀರಿಂಗನ್ನು ತುಸು ತಿರುಗಿಸಿ ಕಾರನ್ನು ಒಳಕ್ಕೆ ತರುವ ವ್ಯವಸ್ಥೆ ಲೇನ್ ಕೀಪಿಂಗ್ ಅಸಿಸ್ಟ್. ಇದರಲ್ಲಿ ಮೂರು ಹಂತಗಳಿವೆ. ಬರಿಯ ಎಚ್ಚರಿಕೆ ಕೊಡುವುದು ಮೊದಲನೆಯದು; ಗೆರೆ ಮುಟ್ಟುವ ಹೊತ್ತಿಗೆ ಕಾರನ್ನು ಹಿಂದಕ್ಕೆ ಎಳೆಯುವುದು ಎರಡನೆಯದು; ಕಾರನ್ನು ಸದಾ ಲೇನಿನ ನಡುವೆಯೇ ನಡೆಸುವುದು ಮೂರನೆಯದು. ಮೂರಕ್ಕೂ ಡ್ಯಾಶ್‌ಬೋರ್ಡಿನಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ಚಿತ್ರ ಕಾಣುತ್ತದೆ: ಎರಡು ಗೆರೆ, ನಡುವೆ ಒಂದು ಕಾರು ಅಥವಾ ಸ್ಟೀರಿಂಗ್ ಚಕ್ರ. ಈ ತಂತ್ರಜ್ಞಾನದ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಕ್ಯಾಮೆರಾ, ಕಂಪ್ಯೂಟರ್‌ಗಳ ಕಥೆಯನ್ನೇ ಹೇಳುತ್ತಾರೆ. ಸ್ಟೀರಿಂಗಿನ ಹೊಣೆ ಈ ಕ್ಷಣದಲ್ಲಿ ಯಾರದು ಎಂಬುದನ್ನು ಯಂತ್ರ ಮನುಷ್ಯನಿಗೆ ಹೇಗೆ ತಿಳಿಸುತ್ತ ಬಂತು ಎಂಬ ಕಥೆಗೂ ಅಷ್ಟೇ ತೂಕವಿದೆ. ಅಪಘಾತ ತಪ್ಪುವುದೂ ಆಗುವುದೂ ಬಹುಮಟ್ಟಿಗೆ ಆ ತಿಳಿವಳಿಕೆಯಿಂದಲೇ.

ಎಲ್ಲಕ್ಕೂ ಮೂಲ ರಸ್ತೆಯ ಗೆರೆ. ಅಮೆರಿಕದ ಮಿಷಿಗನ್ ರಾಜ್ಯದ ವೇನ್ ಕೌಂಟಿಯಲ್ಲಿ ರಸ್ತೆಗಳ ಹೊಣೆ ಹೊತ್ತಿದ್ದ ಎಡ್ವರ್ಡ್ ಹೈನ್ಸ್ 1911ರಲ್ಲಿ ರಸ್ತೆಯ ನಡುವೆ ಬಿಳಿ ಗೆರೆ ಎಳೆಸಿದರು. ಅದನ್ನು ದಾಟುವವರಿಗೆ ಸದ್ದಿನ ಎಚ್ಚರಿಕೆ ಕೊಡುವ ಏರ್ಪಾಡು ಮೊದಲು ಬಂದದ್ದು ಕಾರಿನಲ್ಲಲ್ಲ, ರಸ್ತೆಯಲ್ಲೇ. 1950ರ ದಶಕದ ಮೊದಲಲ್ಲಿ ನ್ಯೂಜೆರ್ಸಿಯ ಗಾರ್ಡನ್ ಸ್ಟೇಟ್ ಪಾರ್ಕ್‌ವೇ ರಸ್ತೆಯ ಅಂಚಿನಲ್ಲಿ ಕಾಂಕ್ರೀಟನ್ನು ಏರುತಗ್ಗಾಗಿ ಹಾಕಿದ್ದರು. ತೂಕಡಿಸಿದ ಚಾಲಕರ ಚಕ್ರ ಅದರ ಮೇಲೆ ಹತ್ತಿದೊಡನೆ ಗರಗರ ಸದ್ದು ಏಳುತ್ತಿತ್ತು. ಈ ಸದ್ದು ಅರ್ಧ ಶತಮಾನದ ನಂತರ ಇನ್ನೊಂದು ರೂಪದಲ್ಲಿ ಮರಳಿತು.

ಗೆರೆಯನ್ನು ಯಂತ್ರವೇ ನೋಡಬಲ್ಲದು ಎಂಬುದು 1980ರ ದಶಕದಲ್ಲಿ ಸಾಬೀತಾಯಿತು. ಮ್ಯೂನಿಕ್‌ನ ಬುಂಡೆಸ್‌ವೇರ್ ವಿಶ್ವವಿದ್ಯಾಲಯದಲ್ಲಿ ಅರ್ನ್‌ಸ್ಟ್ ಡಿಕ್‌ಮನ್ಸ್ ಅವರ ತಂಡ ಕ್ಯಾಮೆರಾ, ಕಂಪ್ಯೂಟರ್‌ಗಳನ್ನು ತುಂಬಿದ ಮರ್ಸಿಡಿಸ್ ವ್ಯಾನನ್ನು 1987ರಲ್ಲಿ ಸಂಚಾರವಿಲ್ಲದ ಆಟೋಬಾನ್ ಮೇಲೆ ಗಂಟೆಗೆ 96 ಕಿ.ಮೀ. ವೇಗದವರೆಗೆ ಓಡಿಸಿತು. 1995ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ನ್ಯಾವ್‌ಲ್ಯಾಬ್ 5 ಎಂಬ ಕಾರು ಪಿಟ್ಸ್‌ಬರ್ಗ್‌ನಿಂದ ಸ್ಯಾನ್ ಡಿಯೇಗೋವರೆಗಿನ ದಾರಿಯಲ್ಲಿ ಶೇ. 98ರಷ್ಟು ದೂರ ತಾನೇ ಸ್ಟೀರಿಂಗ್ ತಿರುಗಿಸಿತು. ಬ್ರೇಕ್ ಮತ್ತು ವೇಗವನ್ನು ಸಂಶೋಧಕರು ನೋಡಿಕೊಂಡರು.

ಮಾರಾಟದ ಕಾರಿಗೆ ಕ್ಯಾಮೆರಾದಿಂದ ಗೆರೆ ನೋಡುವ ಈ ತಂತ್ರ ಬಂದದ್ದು ಜಪಾನಿನಲ್ಲಿ, 1992ರ ಮಿತ್ಸುಬಿಷಿ ಡೆಬೋನೇರ್ ಮೂಲಕ. 2000ದಲ್ಲಿ ಯುರೋಪಿನ ಮರ್ಸಿಡಿಸ್ ಆಕ್ಟ್ರೋಸ್ ಲಾರಿಗಳಿಗೆ ಐಟೆರಿಸ್ ಕಂಪನಿಯ ಲೇನ್ ಎಚ್ಚರಿಕೆ ವ್ಯವಸ್ಥೆ ಸೇರಿತು. ಲಾರಿ ಎಡಕ್ಕೆ ಸರಿದರೆ ಕ್ಯಾಬಿನ್ನಿನ ಎಡಬದಿಯಿಂದ, ಬಲಕ್ಕೆ ಸರಿದರೆ ಬಲಬದಿಯಿಂದ, ರಸ್ತೆ ಅಂಚಿನ ಆ ಗರಗರ ಸದ್ದನ್ನೇ ಕೇಳಿಸುವ ಉಪಾಯ ಅದರಲ್ಲಿತ್ತು. ಲಾರಿ ಚಾಲಕರಿಗೆ ಆ ಸದ್ದಿನ ಅರ್ಥ ಗೊತ್ತಿತ್ತು, ಯಾರೂ ವಿವರಿಸಬೇಕಿರಲಿಲ್ಲ. ಇಂಡಿಕೇಟರ್ ಹಾಕಿ ಲೇನ್ ಬದಲಿಸಿದರೆ ಅದು ಸುಮ್ಮನಿರುತ್ತಿತ್ತು. ಈ ನಿಯಮ ಇಂದಿನ ಬಹುತೇಕ ವ್ಯವಸ್ಥೆಗಳಲ್ಲೂ ಉಳಿದುಕೊಂಡಿದೆ.

2001ರಲ್ಲಿ ನಿಸ್ಸಾನ್ ಸೀಮಾ, 2003ರಲ್ಲಿ ಹೋಂಡಾ ಇನ್‌ಸ್ಪೈರ್ ಸ್ಟೀರಿಂಗಿಗೇ ಕೈಹಾಕಿದವು. ಹೋಂಡಾದ ವ್ಯವಸ್ಥೆ ಬೇಕಾದ ತಿರುಗುಬಲದ ಶೇ. 80ರವರೆಗೆ ಮಾತ್ರ ತಾನು ಕೊಟ್ಟು, ಉಳಿದದ್ದನ್ನು ಚಾಲಕರಿಗೇ ಬಿಡುತ್ತಿತ್ತು. ಕೈ ಬಿಟ್ಟರೆ ಕಾರು ಪೂರಾ ತಿರುಗದು ಎಂಬುದು ಅಂಗೈಗೇ ತಿಳಿಯುತ್ತಿತ್ತು. ನಂತರ ಬಂದ ಎಷ್ಟೋ ದೀಪಗಳಿಗಿಂತ ಇದು ಪ್ರಾಮಾಣಿಕವಾದ ಸೂಚಕ. 2004ರಲ್ಲಿ ಇನ್ಫಿನಿಟಿ ಎಫ್‌ಎಕ್ಸ್ ಉತ್ತರ ಅಮೆರಿಕಕ್ಕೆ ದೀಪ ಮತ್ತು ಬಝರ್ ತಂದಿತು. ಮರುವರ್ಷ ಸಿಟ್ರೊಯೆನ್ ಬೇರೆ ದಾರಿ ಹಿಡಿಯಿತು: ಮುಂದಿನ ಬಂಪರಿನ ಕೆಳಗೆ ಇನ್‌ಫ್ರಾರೆಡ್ ಸೆನ್ಸರ್‌ಗಳು, ಚಕ್ರ ಗೆರೆ ದಾಟಿದರೆ ಚಾಲಕರ ಸೀಟು ಆ ಬದಿಯ ತೊಡೆಯಡಿ ನಡುಗುತ್ತಿತ್ತು. ಪಕ್ಕದಲ್ಲಿ ಕೂತವರಿಗೆ ಏನೂ ತಿಳಿಯುತ್ತಿರಲಿಲ್ಲ. 2007ರ ಹೊತ್ತಿಗೆ ಆಡಿ, ಬಿಎಂಡಬ್ಲ್ಯುಗಳಲ್ಲಿ ಆ ನಡುಕ ಸ್ಟೀರಿಂಗ್ ಚಕ್ರಕ್ಕೆ ಬಂತು.

ಸದ್ದಿನಿಂದ ನಡುಕದ ಕಡೆಗೆ ಹೊರಳಿದ್ದಕ್ಕೆ ಗಟ್ಟಿ ಕಾರಣವಿದೆ. ಬೀಪ್ ಸದ್ದು ಕಿರಿಕಿರಿ. ಜನ ಅದನ್ನು ಆರಿಸಿಬಿಡುತ್ತಾರೆ. ರಸ್ತೆ ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ಐಐಎಚ್‌ಎಸ್ ಸಂಸ್ಥೆ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸರ್ವಿಸ್‌ಗೆ ಬಂದ ಹೋಂಡಾ ಕಾರುಗಳಲ್ಲಿ ಲೇನ್ ಎಚ್ಚರಿಕೆ ಚಾಲೂ ಇದ್ದದ್ದು ಮೂರರಲ್ಲಿ ಒಂದರಲ್ಲಿ ಮಾತ್ರ. ಅದೇ ಸಂಸ್ಥೆಯ 2017ರ ಅಧ್ಯಯನದಂತೆ, ಲೇನ್ ಎಚ್ಚರಿಕೆಯುಳ್ಳ ಕಾರುಗಳಲ್ಲಿ ಲೇನ್ ತಪ್ಪುವುದರಿಂದ ಆಗುವ ಬಗೆಯ ಅಪಘಾತಗಳು ಶೇ. 11ರಷ್ಟು, ಗಾಯಗೊಳಿಸುವಂಥವು ಶೇ. 21ರಷ್ಟು ಕಡಿಮೆ. ಆರಿಸಿಟ್ಟವರು ಕಳೆದುಕೊಳ್ಳುವುದು ಇದನ್ನು.

ಇನ್ನು ಬಣ್ಣಗಳು. ಚಿಹ್ನೆಗಳ ಆಕಾರಕ್ಕೆ ಐಎಸ್‌ಒ 2575 ಎಂಬ ಅಂತರರಾಷ್ಟ್ರೀಯ ಮಾನಕವಿದ್ದರೂ ಬಣ್ಣದ ಬಳಕೆಯಲ್ಲಿ ಕಂಪನಿಗೊಂದು ರೂಢಿ ಬೆಳೆದಿದೆ. ಹಲವು ಕಾರುಗಳಲ್ಲಿ ಬೂದು ಅಥವಾ ಬಿಳಿ ಗೆರೆಯೆಂದರೆ ವ್ಯವಸ್ಥೆ ಚಾಲೂ ಇದೆ, ಆದರೆ ರಸ್ತೆಯ ಗೆರೆ ಸಿಕ್ಕಿಲ್ಲ. ಹಸಿರೆಂದರೆ ಗೆರೆ ಸಿಕ್ಕಿದೆ, ನೆರವು ಸಿದ್ಧವಿದೆ. ಮಿನುಗುವ ಹಳದಿಯೆಂದರೆ ಕಾರು ಸರಿಯುತ್ತಿದೆ. ಸ್ಥಿರವಾದ ಹಳದಿಯೆಂದರೆ ದೋಷ, ಅಥವಾ ಗಾಜಿನ ಮೇಲಿನ ಕೊಳೆಯಿಂದ ಕ್ಯಾಮೆರಾಕ್ಕೆ ಕಾಣುತ್ತಿಲ್ಲ. ಟೊಯೋಟಾ ಕಾರುಗಳಲ್ಲಿ ಗೆರೆ ಸಿಕ್ಕಾಗ ಟೊಳ್ಳಾಗಿದ್ದ ಚಿತ್ರ ಬಿಳಿ ತುಂಬಿಕೊಳ್ಳುತ್ತದೆ. ಫೋಕ್ಸ್‌ವ್ಯಾಗನ್ ಗಾಲ್ಫ್‌ನ ಏಳನೆಯ ಪೀಳಿಗೆಯಲ್ಲಿ ಹಳದಿ ದೀಪಕ್ಕೆ 'ಚಾಲೂ ಇದೆ, ಸಿದ್ಧವಿಲ್ಲ' ಎಂದಷ್ಟೇ ಅರ್ಥ. ಟೆಸ್ಲಾದಲ್ಲಿ ಆಟೋಸ್ಟಿಯರ್ ಎಂಬ ವ್ಯವಸ್ಥೆ ಸ್ಟೀರಿಂಗ್ ನಡೆಸುತ್ತಿರುವಾಗ ಸ್ಟೀರಿಂಗ್ ಚಿತ್ರ ನೀಲಿ. ಒಂದು ಕಾರಿನಿಂದ ಇನ್ನೊಂದಕ್ಕೆ ಹತ್ತಿದ ಚಾಲಕರು ಇದನ್ನೆಲ್ಲ ಹೊಸದಾಗಿ ಕಲಿಯಬೇಕು. ಬ್ರೇಕ್ ಪೆಡಲಿನ ಜಾಗ ಕಂಪನಿಗೊಂದು ಕಡೆ ಇದ್ದಿದ್ದರೆ ಯಾರೂ ಒಪ್ಪುತ್ತಿರಲಿಲ್ಲ. ಈ ದೀಪಗಳ ವಿಷಯದಲ್ಲಿ ಒಪ್ಪಿಕೊಂಡಿರುವುದು ಸರಿಯಲ್ಲ.

ಕಾರನ್ನು ಲೇನಿನ ನಡುವೆಯೇ ನಡೆಸುವ ಹಂತ ಬಂದಾಗ ಸೂಚಕದ ಕೆಲಸ ತಿರುಗುಮುರುಗಾಯಿತು. ಅದುವರೆಗೆ ಯಂತ್ರ ರಸ್ತೆಯನ್ನು ನೋಡುತ್ತಿತ್ತು, ಈಗ ಚಾಲಕರನ್ನೂ ನೋಡಬೇಕಾಯಿತು. ಹೆಚ್ಚಿನ ಕಾರುಗಳು ಸ್ಟೀರಿಂಗಿನ ಮೇಲೆ ಬೀಳುವ ಸಣ್ಣ ಒತ್ತಡದಿಂದ, ಕೆಲವು ಚಕ್ರದೊಳಗಿನ ಸ್ಪರ್ಶ ಸೆನ್ಸರಿನಿಂದ ಕೈ ಇದೆಯೇ ಎಂದು ತಿಳಿಯುತ್ತವೆ. ಒತ್ತಡ ಅಳೆಯುವ ಬಗೆಯಲ್ಲಿ ನೇರ ರಸ್ತೆಯ ಮೇಲೆ ಹಗುರಾಗಿ ಕೈ ಇಟ್ಟವರಿಗೂ 'ಕೈ ಹಿಡಿಯಿರಿ' ಎಂಬ ಸಂದೇಶ ಬರುವುದುಂಟು. ವಿಶ್ವಸಂಸ್ಥೆಯ 79ನೇ ನಿಯಮಾವಳಿಯ ಪ್ರಕಾರ, ಇಂಥ ವ್ಯವಸ್ಥೆ ಕೈ ಬಿಟ್ಟ 15 ಸೆಕೆಂಡಿನೊಳಗೆ ಕಣ್ಣಿಗೆ ಕಾಣುವ ಎಚ್ಚರಿಕೆ ಕೊಡಬೇಕು. 30 ಸೆಕೆಂಡಿನೊಳಗೆ ಆ ಚಿತ್ರದ ಕೈ ಅಥವಾ ಚಕ್ರ ಕೆಂಪಾಗಿ ಸದ್ದೂ ಸೇರಬೇಕು. ಸದ್ದು ಶುರುವಾದ 30 ಸೆಕೆಂಡಿನೊಳಗೆ ವ್ಯವಸ್ಥೆ ತಾನೇ ಆರಬೇಕು. 2017ರಲ್ಲಿ ಕ್ಯಾಡಿಲಾಕ್ ಸಿಟಿ6 ಕಾರಿನ ಸೂಪರ್ ಕ್ರೂಸ್ ಎಂಬ ವ್ಯವಸ್ಥೆ ಸ್ಟೀರಿಂಗ್ ಚಕ್ರದ ಮೇಲಂಚಿಗೇ ದೀಪದ ಪಟ್ಟಿ ಕೂರಿಸಿತು. ಯಂತ್ರ ನಡೆಸುವಾಗ ಹಸಿರು, ಚಾಲಕರು ಕೈಹಾಕಿದರೆ ನೀಲಿ, ತಕ್ಷಣ ಹಿಡಿಯಬೇಕಾದರೆ ಕೆಂಪು. ಕಣ್ಣು ರಸ್ತೆಯ ಮೇಲಿದೆಯೇ ಎಂದು ನೋಡಲು ಇನ್‌ಫ್ರಾರೆಡ್ ಕ್ಯಾಮೆರಾ. ರಸ್ತೆಯಿಂದ ಹೆಚ್ಚು ನೋಟ ಕದಲದಂತೆ ವಿಷಯ ತಿಳಿಸುವ ಈ ವಿನ್ಯಾಸ ಇಡೀ ಚರಿತ್ರೆಯಲ್ಲಿ ಅತ್ಯುತ್ತಮವಾದವುಗಳಲ್ಲಿ ಒಂದು.

ಯುರೋಪಿಯನ್ ಒಕ್ಕೂಟದಲ್ಲಿ ತುರ್ತು ಲೇನ್ ಕೀಪಿಂಗ್ ವ್ಯವಸ್ಥೆ 2022ರ ಜುಲೈನಿಂದ ಹೊಸ ಮಾದರಿಗಳಿಗೆ, 2024ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯ. ಆರಿಸಿದರೂ ಮುಂದಿನ ಸಲ ಗಾಡಿ ಚಾಲೂ ಮಾಡಿದಾಗ ಅದು ತಾನಾಗಿ ಸಿದ್ಧವಾಗಬೇಕು. ಆರಿಸಿದೆ ಎಂಬುದನ್ನು ದೀಪ ತೋರಿಸಬೇಕು.

ಭಾರತದಲ್ಲಿ ಈ ಸೌಲಭ್ಯ 2020ರ ಎಂಜಿ ಗ್ಲಾಸ್ಟರ್, 2021ರ ಎಂಜಿ ಆಸ್ಟರ್ ಮತ್ತು ಮಹೀಂದ್ರಾ ಎಕ್ಸ್‌ಯುವಿ700, 2022ರ ಹೋಂಡಾ ಸಿಟಿ ಹೈಬ್ರಿಡ್ ಮೊದಲಾದವುಗಳಿಂದ ಜನರಿಗೆ ಪರಿಚಯವಾಯಿತು. ಬೆಂಗಳೂರು–ಮೈಸೂರು ಹೆದ್ದಾರಿಯಂಥ ಗೆರೆ ಬಳಿದ ರಸ್ತೆಯಲ್ಲಿ ಹಸಿರಾಗುವ ಚಿತ್ರ, ಗೆರೆ ಅಳಿಸಿದ ಊರ ರಸ್ತೆಗೆ ಇಳಿದೊಡನೆ ಬೂದಾಗುತ್ತದೆ. ಅದು ಕೆಟ್ಟಿದೆಯೆಂದಲ್ಲ, ತನಗೆ ಕಾಣುತ್ತಿಲ್ಲವೆಂದು ಅದು ಹೇಳುತ್ತಿದೆ. ಇಂಡಿಕೇಟರ್ ಹಾಕದೆ ಲೇನ್ ಬದಲಿಸುವವರಿಗೆ ಸ್ಟೀರಿಂಗ್ ಎದುರು ಎಳೆದಂತಾಗಿ ಗಾಬರಿಯಾಗುತ್ತದೆ. ಸ್ವಲ್ಪ ಬಲ ಹಾಕಿ ತಿರುಗಿಸಿದರೆ ಅದು ಮಣಿಯುತ್ತದೆ. ಹೊಸ ಕಾರು ಕೊಂಡವರು ಡೆಲಿವರಿಯ ದಿನವೇ ಮ್ಯಾನುಯಲ್ ತೆರೆದು ತಮ್ಮ ಕಾರಿನಲ್ಲಿ ಯಾವ ಬಣ್ಣಕ್ಕೆ ಯಾವ ಅರ್ಥ ಎಂದು ಓದಿಕೊಳ್ಳಬೇಕು, ಮನೆಯಲ್ಲಿ ಆ ಕಾರು ಓಡಿಸುವ ಪ್ರತಿಯೊಬ್ಬರಿಗೂ ಹೇಳಿಕೊಡಬೇಕು.