ಅಡಿಗೆರೆಯೂ ವಿಭಕ್ತಿಯೂ: ಮಾರ್ಕ್‌ಡೌನ್ ಚರಿತ್ರೆಯ ಒಂದು ಪುಟ

ಸಾದಾ ಪಠ್ಯದಲ್ಲಿಯೇ ಚಿಹ್ನೆಗಳನ್ನಿಟ್ಟು ತಾಂತ್ರಿಕ ಕೈಪಿಡಿಗಳನ್ನು ವಿನ್ಯಾಸಗೊಳಿಸುವ ಮಾರ್ಕ್‌ಡೌನ್ ಪದ್ಧತಿಯನ್ನು ಜಾನ್ ಗ್ರೂಬರ್ 2004ರಲ್ಲಿ ಪ್ರಕಟಿಸಿದರು. ಅದರಲ್ಲಿ ಅಡಿಗೆರೆಗಳ ನಡುವಿನ ಪಾಠ ಓರೆಯಕ್ಷರವಾಗುತ್ತಿತ್ತು. ಆದರೆ ಗಣಕ ಕ್ರಮವಿಧಿಗಳ ಹೆಸರುಗಳಲ್ಲಿಯೂ ಅಡಿಗೆರೆ ಬರುವುದರಿಂದ ಅವೂ ಅಕಾರಣವಾಗಿ ಓರೆಯಾಗುತ್ತಿದ್ದವು. 2014ರ ಕಾಮನ್‌ಮಾರ್ಕ್ ನಿಯಮಾವಳಿಯು ಪದಮಧ್ಯದ ಅಡಿಗೆರೆಗೆ ಈ ಅಧಿಕಾರವನ್ನು ನಿರಾಕರಿಸಿತು.

ಇಂಗ್ಲಿಷಿಗೆ ಹೊಂದಿದ ಈ ತಿದ್ದುಪಡಿ ಪ್ರತ್ಯಯಗಳನ್ನು ಪದಕ್ಕೆ ಕೂಡಿಸಿ ಬರೆಯುವ ಭಾಷೆಗಳಿಗೆ ತೊಡಕಾಯಿತು. ಜತ್ತ ತಾಲೂಕಿನ ದ್ವಿಭಾಷಿಕ ದಾಖಲೆಯಲ್ಲಿ ‘ಉಮದಿಯಲ್ಲಿ’ ಎಂಬ ರೂಪದ ‘ಉಮದಿ’ಯನ್ನಷ್ಟೇ ಅಡಿಗೆರೆಗಳ ನಡುವೆ ಇರಿಸಿದರೆ ಗೆರೆಗಳು ಗೆರೆಗಳಾಗಿಯೇ ಉಳಿಯುತ್ತವೆ, ಮರಾಠಿಯ ವಿಭಕ್ತಿರೂಪಗಳಿಗೂ ಇದೇ ಗತಿ. ಕ್ರಮಸಂಖ್ಯೆಯ ಪಟ್ಟಿಗೂ 1, 2 ಎಂಬ ಅಂಕಿಗಳೇ ಬೇಕು; ೧, ೨ ಸಲ್ಲವು. ನಕ್ಷತ್ರ ಚಿಹ್ನೆಗೆ ಮಾತ್ರ ಪದಮಧ್ಯದ ನಿರ್ಬಂಧವಿಲ್ಲ. ಗಡಿನಾಡಿನ ಪಠ್ಯಗಳನ್ನು ದಾಖಲಿಸುವವರು ಅದನ್ನೇ ಬಳಸುವುದು ಲೇಸು. ಪದವೆಲ್ಲಿ ಮುಗಿಯುತ್ತದೆಂಬ ತೀರ್ಮಾನವು ವ್ಯಾಕರಣಕ್ಕೆ ಸೇರಿದ್ದು; ಇಲ್ಲಿ ಅದನ್ನು ಕೈಗೊಂಡದ್ದು ಅನ್ಯಭಾಷೆಯ ಅನುಕೂಲ.