ಎಲ್‌ಎಲ್‌.ಎಂ. ಓದಿನ ಹಾದಿ: ಪುಣೆಯಿಂದ ಹೊಳೆನರಸೀಪುರದವರೆಗೆ

ಹೊಳೆನರಸೀಪುರದಲ್ಲಿ ಸರ್ಕಾರಿ ಕಾನೂನು ಕಾಲೇಜಿದೆ, ಹಾಸನದಲ್ಲಿ ಎಂ. ಕೃಷ್ಣ ಕಾನೂನು ಕಾಲೇಜಿದೆ. ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಹುಡುಗ ಹುಡುಗಿಯರು ಈಗ ಮನೆಯಿಂದಲೇ ಬಸ್ಸಿನಲ್ಲಿ ಓಡಾಡಿಕೊಂಡು ಎಲ್‌ಎಲ್‌.ಬಿ. ಮುಗಿಸಬಹುದು. ಮುಗಿದ ಮೇಲೆ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಸೀನಿಯರ್ ಒಬ್ಬರ ಆಫೀಸು ಸೇರಬೇಕೋ, ಎಲ್‌ಎಲ್‌.ಎಂ. ಓದಬೇಕೋ? ಉತ್ತರ ಹೇಳುವ ಮೊದಲು ಈ ಪದವಿ ನಮ್ಮಲ್ಲಿ ಬೆಳೆದುಬಂದ ರೀತಿಯನ್ನು ನೋಡಬೇಕು.

ಹೊರಗೆ ಹೋಗಿ ಓದಿದ ಕಾಲ

ಹಳೆಯ ಮೈಸೂರು ಸಂಸ್ಥಾನದಲ್ಲಿ 1916ರಲ್ಲೇ ವಿಶ್ವವಿದ್ಯಾನಿಲಯ ಹುಟ್ಟಿದರೂ ಕಾನೂನು ಓದುವವರು ಬಹುಕಾಲ ಹೊರಗೆ ಹೋಗಬೇಕಿತ್ತು. ಮುಂದೆ ಮುಖ್ಯಮಂತ್ರಿಗಳಾದ ಎಸ್. ನಿಜಲಿಂಗಪ್ಪ, ಕೆಂಗಲ್ ಹನುಮಂತಯ್ಯ ಇಬ್ಬರೂ ಪುಣೆಯಲ್ಲಿ ಕಾನೂನು ಓದಿದವರು. ಉತ್ತರದಲ್ಲಿ ಬೆಳಗಾವಿಯ ಕರ್ನಾಟಕ ಲಾ ಸೊಸೈಟಿ 1939ರಲ್ಲಿ ಕಾಲೇಜು ತೆರೆಯಿತು. ಬೆಂಗಳೂರಿನ ಸರ್ಕಾರಿ ಕಾನೂನು ಕಾಲೇಜು ಶುರುವಾದದ್ದು 1948ರಲ್ಲಿ.

1961ರ ವಕೀಲರ ಕಾಯ್ದೆ ಬಂದ ಮೇಲೆ ಕಾನೂನು ಪದವಿಯ ಮಟ್ಟ ಕಾಯುವ ಹೊಣೆ ಭಾರತೀಯ ವಕೀಲರ ಪರಿಷತ್ತಿನದಾಯಿತು. ಅದರ ಗಮನವೆಲ್ಲ ವಕೀಲರನ್ನು ತಯಾರು ಮಾಡುವ ಎಲ್‌ಎಲ್‌.ಬಿ. ಮೇಲೆ. ಎಲ್‌ಎಲ್‌.ಎಂ. ಮಾತ್ರ ವಿಶ್ವವಿದ್ಯಾನಿಲಯಗಳ ಪಾಲಿಗೆ ಉಳಿಯಿತು. ಬೆಳಿಗ್ಗೆಯೋ ಸಂಜೆಯೋ ವಕೀಲರೇ ಬಂದು ಪಾಠ ಮಾಡಿ ಹೋಗುತ್ತಿದ್ದ ಕಾಲೇಜುಗಳಿಗೆ ಪೂರ್ಣಾವಧಿ ಮೇಷ್ಟ್ರುಗಳು ಬೇಕಾದಾಗ ಈ ಪದವಿಗೆ ಬೆಲೆ ಬಂತು. ಹಾಸನ ಸೀಮೆಯವರಿಗೆ ಎಲ್‌ಎಲ್‌.ಎಂ. ಎಂದರೆ ಮೊದಲು ನೆನಪಾಗುತ್ತಿದ್ದುದು ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ. ಮೈಸೂರಿನಿಂದ ಹಾಸನಕ್ಕೆ ಬರುವ ರೈಲು ಹೊಳೆನರಸೀಪುರದ ಮೇಲೇ ಹಾಯುತ್ತದೆ. ಬೆಂಗಳೂರಿಗೆ ನೇರ ರೈಲುಹಾದಿ ಆದದ್ದು 2017ರಲ್ಲಿ, ಶ್ರವಣಬೆಳಗೊಳದ ಮೂಲಕ.

ಪಠ್ಯ ಬದಲಾಯಿತು

1986ರ ಕಾಯ್ದೆಯಿಂದ ಹುಟ್ಟಿ, 1988ರಲ್ಲಿ ಪಾಠ ಆರಂಭಿಸಿದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಇಡೀ ದೇಶದ ಕಾನೂನು ಶಿಕ್ಷಣದ ದಿಕ್ಕು ತಿರುಗಿಸಿತು. ಸ್ಥಾಪಕ ನಿರ್ದೇಶಕ ಎನ್.ಆರ್. ಮಾಧವ ಮೆನನ್ ಐದು ವರ್ಷದ ಸಮಗ್ರ ಪದವಿಗೆ ಹೆಸರು ತಂದುಕೊಟ್ಟರು. 2001ರಲ್ಲಿ ಯುಜಿಸಿ ಹೊರತಂದ ಮಾದರಿ ಪಠ್ಯಕ್ರಮ ಎಲ್‌ಎಲ್‌.ಎಂ. ತರಗತಿಗಳಿಗೆ ಹೊಸ ಚೌಕಟ್ಟು ಕೊಟ್ಟಿತು. ಕಾನೂನು ಮತ್ತು ಸಾಮಾಜಿಕ ಪರಿವರ್ತನೆ, ಸಂವಿಧಾನದ ಹೊಸ ಸವಾಲುಗಳು, ನ್ಯಾಯಾಂಗ ಪ್ರಕ್ರಿಯೆ, ಸಂಶೋಧನಾ ವಿಧಾನ ಎಲ್ಲರೂ ಓದಬೇಕಾದ ಪತ್ರಿಕೆಗಳಾದವು. ಮೈಸೂರಿನಲ್ಲಿ ಪ್ರಾಧ್ಯಾಪಕರಾಗಿದ್ದ ಪಿ. ಈಶ್ವರ ಭಟ್ ಅವರ ಸಾಮಾಜಿಕ ಪರಿವರ್ತನೆ ಮತ್ತು ಸಂಶೋಧನಾ ವಿಧಾನ ಕುರಿತ ಇಂಗ್ಲಿಷ್ ಗ್ರಂಥಗಳು ರಾಜ್ಯದಾಚೆಗೂ ಓದುಗರನ್ನು ಪಡೆದಿವೆ.

2009ರಲ್ಲಿ ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ತಲೆಯೆತ್ತಿತು. ಮೈಸೂರು, ಬೆಂಗಳೂರು, ಧಾರವಾಡ ಎಂದು ಹಂಚಿಹೋಗಿದ್ದ ಕಾನೂನು ಕಾಲೇಜುಗಳು ಒಂದೇ ಆಡಳಿತದಡಿ ಬಂದವು. ಹೊಳೆನರಸೀಪುರದ ವಿದ್ಯಾರ್ಥಿಯೂ ಬೆಂಗಳೂರಿನ ವಿದ್ಯಾರ್ಥಿಯೂ ಒಂದೇ ಪ್ರಶ್ನೆಪತ್ರಿಕೆ ಎದುರಿಸುವಂತಾಯಿತು.

ಒಂದು ವರ್ಷವೋ, ಎರಡು ವರ್ಷವೋ

2012ರಲ್ಲಿ ಯುಜಿಸಿ ಒಂದು ವರ್ಷದ ಎಲ್‌ಎಲ್‌.ಎಂ.ಗೆ ಮಾರ್ಗಸೂಚಿ ಹೊರಡಿಸಿತು. ಒಟ್ಟು 24 ಕ್ರೆಡಿಟ್. ಮೂರು ಕಡ್ಡಾಯ ಪತ್ರಿಕೆ, ಆರು ಐಚ್ಛಿಕ ಪತ್ರಿಕೆ, ಒಂದು ಸಂಶೋಧನಾ ಪ್ರಬಂಧ. ರಾಷ್ಟ್ರೀಯ ಕಾನೂನು ಶಾಲೆಗಳು ಇದನ್ನು ಕೈಗೆತ್ತಿಕೊಂಡವು. ಉಳಿದ ಅನೇಕ ಕಡೆ ಎರಡು ವರ್ಷದ ಓದು ಮುಂದುವರಿಯಿತು. 2021ರ ಜನವರಿಯಲ್ಲಿ ವಕೀಲರ ಪರಿಷತ್ತು ಒಂದು ವರ್ಷದ ಪದವಿ ರದ್ದು ಎಂದು ನಿಯಮ ಹೊರಡಿಸಿದಾಗ ಪ್ರಕರಣ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಆ ಸಾಲಿಗೆ ನಿಯಮ ಜಾರಿ ಮಾಡುವುದಿಲ್ಲವೆಂದು ಪರಿಷತ್ತು ಒಪ್ಪಿಕೊಂಡಿತು. ಸ್ನಾತಕೋತ್ತರ ಓದಿನ ಹಿಡಿತ ಯಾರ ಕೈಯಲ್ಲಿರಬೇಕು ಎಂಬ ಜಗ್ಗಾಟ ಮಾತ್ರ ಅಲ್ಲಿಗೇ ಮುಗಿಯಲಿಲ್ಲ.

ಪ್ರವೇಶದ ಬಾಗಿಲೂ ಬದಲಾಗಿದೆ. 2008ರಲ್ಲಿ ಶುರುವಾದ ಕ್ಲಾಟ್ ಪರೀಕ್ಷೆಯ ಸ್ನಾತಕೋತ್ತರ ವಿಭಾಗದಲ್ಲಿ ಈಗ ಎರಡು ಗಂಟೆಗೆ 120 ಪ್ರಶ್ನೆ, ತಪ್ಪಿದರೆ ಕಾಲಂಕ ಕಡಿತ. ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ತೀರ್ಪುಗಳನ್ನು ಮೂಲದಲ್ಲಿ ಓದುವ ಅಭ್ಯಾಸವನ್ನು ಎಲ್‌ಎಲ್‌.ಬಿ. ಮೊದಲ ವರ್ಷದಿಂದಲೇ ಹಿಡಿಯದಿದ್ದರೆ ಇಲ್ಲೇ ಹಿಂದೆ ಬೀಳುತ್ತಾರೆ.

ಪದವಿ ಕೈಗೆ ಬಂದ ಮೇಲೆ

ಕೋರ್ಟಿನಲ್ಲಿ ವಾದಿಸಲು ಎಲ್‌ಎಲ್‌.ಎಂ. ಬೇಕಿಲ್ಲ. ಸನ್ನದು ಸಿಗುವುದು ಎಲ್‌ಎಲ್‌.ಬಿ. ಆಧಾರದ ಮೇಲೆ. ಪಾಲು ವಿಭಾಗದ ದಾವೆಗೆ ವಕೀಲರನ್ನು ಹುಡುಕುವ ರೈತ ಕೇಳುವುದು ಅನುಭವವನ್ನು.

ನ್ಯಾಯಾಧೀಶರ ಹುದ್ದೆಗೂ ಇದು ಅಡ್ಡದಾರಿಯಲ್ಲ. 2025ರ ಮೇ 20ರಂದು ಸುಪ್ರೀಂ ಕೋರ್ಟು ಸಿವಿಲ್ ನ್ಯಾಯಾಧೀಶರ ನೇಮಕಕ್ಕೆ ಮೂರು ವರ್ಷದ ವಕೀಲಿ ಅನುಭವವನ್ನು ಮತ್ತೆ ಕಡ್ಡಾಯಗೊಳಿಸಿತು. ಇದು ತಾತ್ಕಾಲಿಕ ನೋಂದಣಿಯ ದಿನದಿಂದ ಲೆಕ್ಕ. ನ್ಯಾಯಮೂರ್ತಿಗಳ ಬಳಿ ಲಾ ಕ್ಲರ್ಕ್ ಆಗಿ ದುಡಿದ ಅವಧಿಯೂ ಸೇರುತ್ತದೆ. ಆ ಕನಸಿರುವವರು ಮೊದಲು ಕರಿಕೋಟು ತೊಡುವುದೇ ಸರಿ.

ಎಲ್‌ಎಲ್‌.ಎಂ. ನಿಜವಾಗಿ ಕೈಹಿಡಿಯುವುದು ಬೋಧನೆ ಮತ್ತು ಸಂಶೋಧನೆಯಲ್ಲಿ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 55 ಅಂಕ ಬೇಕು, ಜೊತೆಗೆ ನೆಟ್ ಅಥವಾ ಕೆ-ಸೆಟ್. ನೆಟ್‌ನಲ್ಲಿ ಮೂರು ಗಂಟೆ, 150 ಪ್ರಶ್ನೆ, 300 ಅಂಕ. ಕಿರಿಯ ಸಂಶೋಧನಾ ವೇತನಕ್ಕೆ ಆಯ್ಕೆಯಾಗಿ ಪಿಎಚ್‌.ಡಿ. ಸೇರಿದರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ. ಕೆ-ಸೆಟ್ ಅನ್ನು ಮೊದಲು ಮೈಸೂರು ವಿಶ್ವವಿದ್ಯಾನಿಲಯ ನಡೆಸುತ್ತಿತ್ತು, 2023ರ ಸಾಲಿನಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತಿದೆ. ಕ್ಲಾಟ್ ಸ್ನಾತಕೋತ್ತರ ಅಂಕ ನೋಡಿ ಕಾನೂನು ಅಧಿಕಾರಿಗಳನ್ನು ತೆಗೆದುಕೊಳ್ಳುವ ಸಾರ್ವಜನಿಕ ಉದ್ದಿಮೆಗಳೂ ಉಂಟು.

ಹೇಮಾವತಿ ದಡದ ಪ್ರಶ್ನೆಗಳು

ಸಂಶೋಧನಾ ಪ್ರಬಂಧವೇ ಈ ಪದವಿಯ ತಿರುಳು. ಆದರೆ ಅಲ್ಲೇ ಹೆಚ್ಚು ಸೋಲು: ಬೇರೆಯವರು ಬರೆದದ್ದನ್ನೇ ಮಗುಚಿಟ್ಟ ಪುಟಗಳು. ಹಾಸನ ಜಿಲ್ಲೆಯವರಿಗೆ ವಿಷಯದ ಬರವಿಲ್ಲ. 1979ರಲ್ಲಿ ಮುಗಿದ ಗೊರೂರಿನ ಹೇಮಾವತಿ ಜಲಾಶಯಕ್ಕೆ ಜಮೀನು ಕಳೆದುಕೊಂಡವರ ಪರಿಹಾರ ಮತ್ತು ಪುನರ್ವಸತಿ ಒಂದು ಪ್ರಬಂಧಕ್ಕೆ ಮೀರಿದ ವಿಷಯ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಹರಾಜು ನಡೆಯುತ್ತದೆ; 1975ರ ತಂಬಾಕು ಮಂಡಳಿ ಕಾಯ್ದೆ ಬೆಳೆಗಾರನ ಕೈಗೆ ಏನು ಕೊಟ್ಟಿದೆ ಎಂದು ಅಲ್ಲಿಯೇ ಕೇಳಬಹುದು. ಜಲಂಧರ್‌ನಿಂದ ಬರುವ ಬಿತ್ತನೆ ಆಲೂಗಡ್ಡೆ ಕೈಕೊಟ್ಟರೆ ರೈತ ಯಾರನ್ನು ಕೇಳಬೇಕು? ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದೆ. ಆ ತೀರ್ಪು ಹಾಸನದ ಹೊಲದವರೆಗೆ ಬಂದಿದೆಯೇ ಎಂದು ನೋಡುವವರು ಬೇಕು.

ಎಲ್‌ಎಲ್‌.ಬಿ. ಆಯಿತು, ಮುಂದೇನೂ ತೋಚಲಿಲ್ಲ ಎಂದು ಎಲ್‌ಎಲ್‌.ಎಂ. ಸೇರುವವರು ಎರಡು ವರ್ಷ ಕಳೆದು ಮತ್ತದೇ ಪ್ರಶ್ನೆಯ ಮುಂದೆ ನಿಲ್ಲುತ್ತಾರೆ. ಪಾಠ ಮಾಡುವ ಆಸೆ, ಹುಡುಕಿ ಬರೆಯುವ ತಾಳ್ಮೆ ಇದ್ದವರಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಅಂಥವರು ಅರ್ಜಿ ತುಂಬುವ ಮೊದಲೇ ಪ್ರಬಂಧದ ವಿಷಯ ಗೊತ್ತುಮಾಡಿಕೊಳ್ಳಲಿ. ಅದು ತಮ್ಮ ತಾಲ್ಲೂಕಿನದೇ ಆಗಿರಲಿ.